ಹಾಲಿಗೆ ಹಾಸಿದ ಬ್ರಹ್ಮಾಂಡ

ಹೊಳೆನರಸೀಪುರದಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮುಗಿಸಿದ ವರ್ಷವೇ, ಅಂದರೆ ತೊಂಬತ್ತೆಂಟರಲ್ಲಿ, ನಾನೊಂದು ಭೀಷ್ಮಪ್ರತಿಜ್ಞೆ ಮಾಡಿದೆ. ಈ ಊರಿನ ಯಾರ ಹಾಲಿನಲ್ಲೂ ಇಲ್ಲದಂಥ ನೆಲಹಾಸು ನಮ್ಮ ಹಾಲಿನಲ್ಲಿರಬೇಕು! ಅದೂ ಹಾಸನದ ಅಂಗಡಿಯಿಂದ ಹೊತ್ತು ತಂದದ್ದಲ್ಲ, ಸ್ವಹಸ್ತದಿಂದ ಸೃಷ್ಟಿಸಿದ್ದು!

ಈ ಸ್ಫೂರ್ತಿ ಉಕ್ಕಿದ್ದು ವಾರಪತ್ರಿಕೆಯ ಗೃಹಾಲಂಕಾರದ ಪುಟದಿಂದ. ಹಳೆಯ ಬಟ್ಟೆಗಳನ್ನು ಪಟ್ಟಿಪಟ್ಟಿಯಾಗಿ ಹರಿದು, ಜಡೆ ಹೆಣೆದು, ಆ ಜಡೆಯನ್ನು ಸುತ್ತುತ್ತಾ ಸುತ್ತುತ್ತಾ ಹೊಲಿದರೆ ಅಂಡಾಕಾರದ ದೊಡ್ಡ ರಗ್ಗು ಸಿದ್ಧ ಎಂದು ಬರೆದಿತ್ತು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಚಲುವನಾರಾಯಣ ಮೇಷ್ಟ್ರಾದ ನನಗೆ ಇದೇನು ಮಹಾ!

"ಸೂಜಿಗೆ ದಾರ ಪೋಣಿಸೋಕೂ ನಿಮಗೆ ತನ್ಮಯೀನೇ ಬರಬೇಕು," ಎಂದಳು ಹೆಂಡತಿ ಹಂಸ. ತನ್ಮಯಿ ನಮ್ಮ ಮಗಳು. ಅವಳು ಆಗಲೇ ಕಿಸಿಕಿಸಿ ನಗುತ್ತಿದ್ದಳು.

ಅಮ್ಮ ಮಾತ್ರ ಆಸಕ್ತಿಯಿಂದ ಕೇಳಿದಳು. "ಯಾವ ಆಕಾರದ್ದೋ?"

"ಮೊಟ್ಟೆ ಆಕಾರದ್ದಮ್ಮ."

"ಮೊಟ್ಟೆ! ನರಸಿಂಹಸ್ವಾಮಿ ಒಕ್ಕಲಿನ ಮನೇಲಿ, ಈ ವಯಸ್ಸಲ್ಲಿ, ನಾನು ಮೊಟ್ಟೆ ಮೇಲೆ ಕೂರಬೇಕೇನೋ?"

"ಹಾಗಲ್ಲಮ್ಮ, ಅಂಡಾಕಾರ. ಬ್ರಹ್ಮಾಂಡ ಇದೆಯಲ್ಲ, ಆ ಆಕಾರ."

"ಹಾಗೆ ಹೇಳು ಮತ್ತೆ!" ಎಂದು ಅಮ್ಮ ಕೈ ಮುಗಿದಳು. ಸಂಸ್ಕೃತಕ್ಕೆ ತಿರುಗಿದ ಕೂಡಲೇ ಮೊಟ್ಟೆಗೂ ಮಡಿ ಬಂದಿತ್ತು!

ಅಟ್ಟದ ಮೇಲಿನ ಹಳೇ ಬಟ್ಟೆಯ ಮೂಟೆ ಇಳಿಸಿ ಶುರು ಮಾಡಿದೆ. ಬಿಗಿದಷ್ಟೂ ಭದ್ರ ಎಂದು ದಾರವನ್ನು ಹಲ್ಲು ಕಚ್ಚಿ ಎಳೆದೆ. ಅಲ್ಲೇ ಎಡವಟ್ಟಾಯಿತು. ಸುತ್ತು ಹೆಚ್ಚಿದಂತೆ ನನ್ನ ಬ್ರಹ್ಮಾಂಡ ನೆಲ ಬಿಟ್ಟು ಮೇಲೇಳತೊಡಗಿತು. ಮೊದಲು ತಟ್ಟೆಯಾಯಿತು, ಆಮೇಲೆ ಬಟ್ಟಲಾಯಿತು. ಕಾಲಿನಿಂದ ತುಳಿದು ಕೂರಿಸಿದರೆ ಒಂದು ಕಡೆ ತಗ್ಗಿ ಇನ್ನೊಂದು ಕಡೆ ಎದ್ದು ನಿಲ್ಲುತ್ತಿತ್ತು! ಅಷ್ಟರಲ್ಲಿ ನಮ್ಮ ಸ್ಕೂಲಿನ ಡ್ರಿಲ್ ಮೇಷ್ಟ್ರು ಕಾಂತರಾಜು ಒಳಗೆ ಬಂದ. ಹಳ್ಳಿಮೈಸೂರಿನ ಆಸಾಮಿ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದ.

"ಚೆಂದಾಗೈತೆ ಸಾ. ನಮ್ಮೂರ್ಗೆ ಕೊಟ್ಬುಡಿ, ನಮ್ಮವ್ವ ಕೋಳಿ ಮುಚ್ಚಾಕ್ತಾಳೆ."

"ಕಾಂತರಾಜು, ಇದು ರಗ್ಗು!"

"ಅಂಗಾ? ನಾ ಮಂಕ್ರಿ ಅನ್ಕಂಡೆ ಕಣ್ ಸಾ!"

ಆ ಸಂಜೆಯೇ ರಗ್ಗು ಅವನ ಸೈಕಲ್ಲಿನ ಹಿಂದೆ ಕೂತು ಹಳ್ಳಿಮೈಸೂರಿಗೆ ಹೋಯಿತು. ಮೊಟ್ಟೆ ಆಕಾರ ಮಾಡಲು ಹೋದವನು ಕೋಳಿಗೇ ಮನೆ ಕಟ್ಟಿಕೊಟ್ಟಿದ್ದೆ!

ಆದರೆ ಸೋಲೊಪ್ಪುವ ಜಾಯಮಾನ ನನ್ನದಲ್ಲ. ದಸರಾ ರಜೆಗೆ ಹಂಸ ಮಗಳನ್ನು ಕರೆದುಕೊಂಡು ಅರಕಲಗೂಡಿನ ತವರಿಗೆ ಹೋದಳು. ನನಗೆ ರಂಗ ಸಜ್ಜಾಯಿತು. ಅಟ್ಟದ ಮೂಟೆಯಂತೂ ಖಾಲಿ. ಕೋಣೆಯಲ್ಲಿದ್ದ ಕಬ್ಬಿಣದ ಟ್ರಂಕು ತೆರೆದರೆ, ಆಹಾ! ಮಡಿಕೆ ಬಿಚ್ಚದ ಸೀರೆಗಳು! ಗೃಹಪ್ರವೇಶವಾದಾಗಿನಿಂದ ಇವುಗಳಲ್ಲಿ ಒಂದನ್ನೂ ಹಂಸ ಉಟ್ಟದ್ದನ್ನು ನಾನು ಕಂಡಿರಲಿಲ್ಲ. ಸುಮ್ಮನೆ ನುಸಿಗುಳಿಗೆಯ ವಾಸನೆ ಕುಡಿದು ಬಿದ್ದಿದ್ದವು. ಇವಕ್ಕೆ ಮೋಕ್ಷ ಕೊಡುವುದು ಪುಣ್ಯದ ಕೆಲಸವೆಂದುಕೊಂಡು ಕತ್ತರಿ ಹಿಡಿದೆ.

ಈ ಸಲ ದಾರ ಸಡಿಲ ಬಿಟ್ಟೆ. ರಗ್ಗು ಹೇಳಿದ ಮಾತು ಕೇಳಿ ನೆಲಕ್ಕೆ ಅಂಟಿ ಕೂತಿತು. ನಡುವೆ ಕೆಂಪು, ಅದರ ಸುತ್ತ ನೇರಳೆ, ಹಳದಿ, ನೀಲಿ, ಕೊನೆಗೆ ಅಂಚಿಗೆ ಗಿಳಿಹಸಿರು! ಬಾಗಿಲಿನಿಂದ ಟೀವಿ ಸ್ಟ್ಯಾಂಡಿನವರೆಗೂ ಅದರದೇ ಸಾಮ್ರಾಜ್ಯ. ನಾನು ಕುರ್ಚಿಯ ಮೇಲೆ ಹತ್ತಿ ನಿಂತು ಮೇಲಿನಿಂದ ನೋಡಿ ನೋಡಿ ಹಿಗ್ಗಿದೆ.

ಊರಿನಿಂದ ಬಂದ ಹಂಸ ಬಾಗಿಲಲ್ಲೇ ಬ್ಯಾಗು ಇಳಿಸಿದಳು. ರಗ್ಗಿನ ನಡುವಿನ ಕೆಂಪನ್ನೇ ದಿಟ್ಟಿಸಿದಳು. ಮೆಚ್ಚಿ ನೋಡುತ್ತಿದ್ದಾಳೆ ಎಂದುಕೊಂಡೆ.

"ರೀ, ಟ್ರಂಕು ತೆಗೆದ್ರಾ?"

"ಹೂಂ. ನೀನು ಉಡ್ತಾನೇ ಇರಲಿಲ್ಲವಲ್ಲ!"

"ಅವು ಉಡೋ ಸೀರೆ ಅಲ್ಲ ರೀ! ಕೊಡೋ ಸೀರೆ! ಗೃಹಪ್ರವೇಶಕ್ಕೆ ಬಂದಿದ್ದು. ಯಾರ ಮನೆ ಮದುವೆ ಮುಂಜಿಗಾದರೂ ಆಗುತ್ತೆ ಅಂತ ಜೋಪಾನ ಮಾಡಿದ್ದೆ!" ಅಂಚಿನ ಮೇಲೆ ಅವಳ ಕಣ್ಣು ಬಿತ್ತು. "ಅಯ್ಯೋ! ಈ ಗಿಳಿಹಸಿರು ಲಕ್ಷ್ಮೀದೇವಮ್ಮ ಅತ್ತಿಗೆ ಕೊಟ್ಟಿದ್ದಲ್ವಾ!"

ಲಕ್ಷ್ಮೀದೇವಮ್ಮ ನನ್ನ ಒಡಹುಟ್ಟಿದ ಅಕ್ಕ. ಚನ್ನರಾಯಪಟ್ಟಣದವಳು. ಪ್ರೀತಿ ಎಷ್ಟೋ ಮುನಿಸೂ ಅಷ್ಟೇ. ತನ್ಮಯಿಯ ನಾಮಕರಣದಲ್ಲಿ ಅರಕಲಗೂಡಿನವರಿಗೆ ಮೊದಲು ಕಾಫಿ ಕೊಟ್ಟೆವೆಂದು ವರ್ಷಗಟ್ಟಲೆ ನಮ್ಮ ಹೊಸಿಲು ತುಳಿದಿರಲಿಲ್ಲ. ಗೃಹಪ್ರವೇಶಕ್ಕೆ ಆ ಸೀರೆ ಹಿಡಿದು ಬಂದೇ ಮುನಿಸು ಮುಗಿಸಿದ್ದಳು. ಅದು ಸೀರೆಯಲ್ಲ, ಸಂಧಾನಪತ್ರ!

"ಸುತ್ತಿ ಅಟ್ಟಕ್ಕೆ ಹಾಕಿಬಿಡೋಣ," ಎಂದೆ.

"ಎಂಥ ಅಟ್ಟವೋ?" ಎಂದಳು ಅಮ್ಮ. "ನಾನು ಆಗಲೇ ಫೋನಲ್ಲಿ ಹೇಳಿಬಿಟ್ಟಿದೀನಿ. ಭಾನುವಾರ ಬರ್ತಾಳಂತೆ, ಬ್ರಹ್ಮಾಂಡ ನೋಡೋಕೆ."

ಭಾನುವಾರ ಬಂದಳು. ಅವಳು ಚಪ್ಪಲಿ ಬಿಡುವಷ್ಟರಲ್ಲಿ ನಾನು ಹಸಿರು ಅಂಚಿನ ಮೇಲೆ ಕೂತಾಗಿತ್ತು. ಆದರೆ ಅಂಚು ನನಗಿಂತ ಉದ್ದ! ಅಕ್ಕ ಎಡಕ್ಕೆ ನೋಡಿದರೆ ಎಡಕ್ಕೆ ಸರಿದೆ, ಬಲಕ್ಕೆ ನೋಡಿದರೆ ಬಲಕ್ಕೆ ಜರುಗಿದೆ. ಕೊನೆಗೆ ಬೇರೆ ದಾರಿ ಕಾಣದೆ ಅಂಚಿನುದ್ದಕ್ಕೂ ಮಲಗಿಬಿಟ್ಟೆ.

"ಯಾಕೋ ಚಲುವ? ಅಕ್ಕ ಬಂದರೆ ಮಲಗ್ತೀಯಾ?"

"ಸೊಂಟ ಹಿಡಿದಿದೆ ಅಕ್ಕ. ಡಾಕ್ಟರು ಅಂಚಿನಲ್ಲೇ ಮಲಗಬೇಕು ಅಂದಿದಾರೆ."

"ಏಳೋ ಮೇಲೆ!"

ಎದ್ದೆ. ಅಕ್ಕ ಬಗ್ಗಿ ಹಸಿರು ಜಡೆಯನ್ನು ಬೆರಳಲ್ಲಿ ಸವರಿದಳು. ಅಡಿಗೆಮನೆ ಬಾಗಿಲಲ್ಲಿ ಹಂಸ ನಿಂತಿದ್ದಳು. ಇನ್ನೆಷ್ಟು ವರ್ಷ ಅಕ್ಕ ಈ ಮನೆಗೆ ಬರುವುದಿಲ್ಲವೋ ಎಂದು ಲೆಕ್ಕ ಹಾಕತೊಡಗಿದೆ.

"ಇದು ನಾನು ಕೊಟ್ಟ ಸೀರೆ."

"ಹೌದಕ್ಕ."

"ನಡುವೆ ಇರೋ ಕೆಂಪು ಯಾರದು?"

"ನಮ್ಮಮ್ಮ ಕೊಟ್ಟಿದ್ದು ಅತ್ತಿಗೆ," ಎಂದಳು ಹಂಸ, ಮೆಲ್ಲಗೆ.

"ಅದರ ಪಕ್ಕದ ನೇರಳೆ?"

"ನಮ್ಮ ಚಿಕ್ಕಮ್ಮಂದು."

ಅಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಅಂದರೆ ಅರಕಲಗೂಡಿನವರೆಲ್ಲ ನಡುಮಧ್ಯೆ! ಒಡಹುಟ್ಟಿದ ಅಕ್ಕ ಮಾತ್ರ ಅಂಚಿಗೆ! ಬಂದೋರು ಹೋದೋರು ಕಾಲು ಒರೆಸೋ ಜಾಗಕ್ಕೆ!"

"ಕತ್ತರಿಸಿದ್ದಕ್ಕೆ ಬೇಜಾರಿಲ್ವಾ ಅಕ್ಕ?"

"ಅದಕ್ಯಾಕೋ ಬೇಜಾರು? ಆ ಸೀರೆ ನನಗೂ ಯಾರೋ ಕೊಟ್ಟಿದ್ದೇ! ಇದು ಸೀರೆ ಪ್ರಶ್ನೆ ಅಲ್ಲ ಕಣೋ, ಸ್ಥಾನದ ಪ್ರಶ್ನೆ!"

"ಬಿಚ್ಚಿ ನಿನ್ನನ್ನೇ ನಡುವೆ ಹಾಕಿಬಿಡ್ತೀನಿ," ಎಂದೆ ಗಡಬಡಿಸಿ.

"ಹಾಗಾದರೆ ನಮ್ಮಮ್ಮ ಅಂಚಿಗಾ ರೀ?" ಎಂದಿತು ಅಡಿಗೆಮನೆ ಬಾಗಿಲು. ದನಿ ಬಹಳ ಮೆತ್ತಗಿತ್ತು. ಹಂಸನ ದನಿ ಮೆತ್ತಗಾದರೆ ಅಪಾಯವೆಂದು ಮದುವೆಯಾದ ಹೊಸತರಲ್ಲೇ ಕಲಿತಿದ್ದೆ.

ಗಣಿತದ ಯಾವ ಸೂತ್ರದಲ್ಲೂ ಒಂದು ಅಂಡಾಕಾರಕ್ಕೆ ಎರಡು ನಡುಮಧ್ಯ ಸಿಗಲಿಲ್ಲ. ಉಳಿದದ್ದು ಒಂದೇ ದಾರಿ, ಎರಡನೇ ರಗ್ಗು! ಅಕ್ಕ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಸೀರೆಗಳ ಗಂಟನ್ನೇ ಕಳಿಸಿದಳು. ಆ ದೀಪಾವಳಿಗೆ ಊರೆಲ್ಲ ಪಟಾಕಿ ಹಚ್ಚುತ್ತಿದ್ದರೆ ನಾನು ಮೂಲೆಯಲ್ಲಿ ಕೂತು, ಹಳೇ ಅಂಚಿನ ಹಸಿರು ಬಿಚ್ಚಿ ಹೊಸದರ ನಡುವೆ ಇಟ್ಟು, ಜಡೆ ಹೆಣೆದೆ. ಅಳತೆಯಲ್ಲಿ ಒಂದು ಬೆರಳು ಹೆಚ್ಚುಕಮ್ಮಿಯಾಗದಂತೆ ಹಂಸ ಟೇಪು ಹಿಡಿದು ಕಾವಲು ಕಾದಳು.

ಕೊನೆಗೆ ಹಾಲಿನ ಎಡಕ್ಕೆ ಹಸಿರು ಬ್ರಹ್ಮಾಂಡ, ಬಲಕ್ಕೆ ಕೆಂಪು ಬ್ರಹ್ಮಾಂಡ. ಉದ್ಘಾಟನೆಗೆ ಎರಡೂ ಕಡೆಯವರನ್ನು ಊಟಕ್ಕೆ ಕರೆದೆವು. ಕಾಫಿಯನ್ನು ಇಬ್ಬರಿಗೂ ಒಂದೇ ಕ್ಷಣಕ್ಕೆ ಕೊಟ್ಟೆವು. ಹಸಿರಿನ ಮೇಲೆ ಅಕ್ಕ, ಕೆಂಪಿನ ಮೇಲೆ ನಮ್ಮತ್ತೆ. ಅಮ್ಮ ಜಾಣತನದಿಂದ ಕುರ್ಚಿ ಹಿಡಿದಿದ್ದಳು. ಯಾವ ಪಕ್ಷಕ್ಕೂ ಸೇರಲಾಗದ ನಾನು ಎರಡರ ನಡುವಿನ ಬರಿ ಮೊಸಾಯಿಕ್ ನೆಲದ ಮೇಲೆ ಕುಳಿತೆ.

ಊಟ ಜಾಸ್ತಿಯಾಗಿತ್ತು. ಕಾಲು ಜೋಮು ಹಿಡಿಯಿತು. ಸ್ವಲ್ಪ ಎಡಕ್ಕೆ ಚಾಚಿದೆ.

"ಚಲುವ! ಅಕ್ಕನ ಕಡೆ ಕಾಲು ಚಾಚ್ತೀಯೇನೋ?"

ಬಲಕ್ಕೆ ತಿರುಗಿಸಿದೆ.

"ರೀ, ಆ ಕಡೆ ನಮ್ಮಮ್ಮ ಕೂತಿದಾರೆ!"

ಎರಡೂ ಕಾಲು ಎಳೆದು ತೊಡೆಯ ಮೇಲೆ ಮಡಚಿ, ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿದೆ. ಅದೇ ಹೊತ್ತಿಗೆ ಬಾಗಿಲಲ್ಲಿ ಕಾಂತರಾಜುವಿನ ದನಿ ಕೇಳಿಸಿತು.

"ಓಹೋ! ಯೋಗ ಸುರು ಮಾಡ್ಕಂಡ್ರಾ ಸಾ? ಆಸ್ನ ಬೋ ಸಂದಾಗ್ ಬಂದೈತೆ. ಮೊಕ್ದಲ್ಲಿ ಮಾತ್ರ ಸಾಂತಿ ಒಂಚೂರೂ ಇಲ್ವಲ್ಲಾ!"