ಹಿಪ್ಪುನೇರಳೆಗೆ ಒಗ್ಗರಣೆ ಆಗದು

ನಮ್ಮ ಸೋದರತ್ತೆಗೆ ಮನುಷ್ಯರಿಗಿಂತ ರೇಷ್ಮೆಹುಳುಗಳ ಮೇಲೆ ಮರ್ಯಾದೆ ಜಾಸ್ತಿ ಎಂದರೆ ನಂಬುತ್ತೀರಾ? ಮೇಡ್ಲೇರಿಯ ಅವಳ ಹುಳುಮನೆಗೆ ಕಾಲು ತೊಳೆಯದೆ ನುಗ್ಗುವ ಗಂಡಸು ಇನ್ನೂ ಹುಟ್ಟಿಲ್ಲ. ನನ್ನನ್ನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಕೊಟ್ಟ ಮೇಲಂತೂ ಅವಳು ನಮ್ಮ ಹೊಸ್ತಿಲು ತುಳಿಯಲೇ ಇಲ್ಲ. ಘಾಟು ಸೀರೆಗೆ ಹತ್ತಿ, ಹುಳುಗಳಿಗೆ ಬಡಿದರೆ?

"ಅತ್ತಿ, ಬ್ಯಾಡಗಿ ಕಾಯಿ ಬರೇ ಬಣ್ಣರೀ, ಘಾಟ ಎಲ್ಲೈತಿ?" ಎಂದು ನನ್ನ ಗಂಡ ಫೋನಿನಲ್ಲಿ ಪ್ರತಿಸಲವೂ ವಾದಿಸುತ್ತಿದ್ದ.

"ಅದನ್ನ ನನ್ನ ಹುಳಕ್ಕ ತಿಳಿಸಿ ಹೇಳಪಾ!"

ವರ್ಷಗಳು ಕಳೆದರೂ ಮಡಿಲು ತುಂಬಲಿಲ್ಲ. ಕೊನೆಗೆ ಹಾವೇರಿಯ ಆಸ್ಪತ್ರೆಯೊಂದರಲ್ಲಿ ಪ್ರನಾಳ ಶಿಶುವಿನ ಚಿಕಿತ್ಸೆಗೆ ಸೇರಿದೆವು. ಅತ್ತೆಯೂ ಬಂದಳು, ನನ್ನ ಗಂಡನಿಂದ ದೂರದ ಕುರ್ಚಿ ಹಿಡಿದು! ಡಾಕ್ಟರಮ್ಮ ಪರದೆಯ ಮೇಲೆ ಜೀವಕೋಶಗಳ ಪುಟ್ಟ ಗೊಂಚಲು ತೋರಿಸಿದರು. "ಭ್ರೂಣದ ಈ ಹಂತಕ್ಕ ಮೊರುಲಾ ಅಂತಾರ್ರಿ. ಹಿಪ್ಪುನೇರಳಿ ಹಣ್ಣಿನಂಗ ಕಾಣತೈತಿ ಅಂತ ಆ ಹೆಸರು. ಇವತ್ತ ಗರ್ಭದಾಗ ಬಿಡೂನು."

ಅತ್ತೆ ಎದ್ದು ನಿಂತಳು. "ಹಿಪ್ಪುನೇರಳಿ? ಹಂಗಾರ ಇದು ನನ್ನ ಕಸಬು! ಇನ್ನ ನೀವು ಸುಮ್ನಿರ್ರಿ."

ಅಂದಿನಿಂದ ಫೋನಿನಲ್ಲೇ ಅವಳ ದರ್ಬಾರು. ನಮ್ಮ ಮನೆಗೆ ಹುಳುಮನೆಯ ಕಾಯಿದೆ ಬಂತು. ಬಾಗಿಲಲ್ಲಿ ಸುಣ್ಣದ ಪುಡಿ, ಕಿಟಕಿಗೆ ಒದ್ದೆ ಗೋಣಿಚೀಲ, ಒಗ್ಗರಣೆ ಬಂದ್! ಗಂಡ ಪೇಟೆಯಿಂದ ಬಂದರೆ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ. ಸಪ್ಪೆ ಅನ್ನ ತಿಂದು ತಿಂದು ಅವನೇ ಹುಳುವಿನಂತೆ ಬಿಳಿಚಿಕೊಂಡ. ನನಗೆ ನಗು ಬರುತ್ತಿತ್ತು, ನಗಲು ಹೆದರಿಕೆ. ಒಳಗೆ ಏನಾದರೂ ಅಲುಗಿಬಿಟ್ಟರೆ? ಇದ್ಯಾವುದೂ ಬೇಡವೆಂದು ಡಾಕ್ಟರಮ್ಮ ಹೇಳಿದ್ದರೂ ನಾನು ಒಂದನ್ನೂ ಮೀರಲಿಲ್ಲ. ಅಷ್ಟು ಭಯವಿತ್ತು.

ರಕ್ತಪರೀಕ್ಷೆಯ ದಿನ ಮಧ್ಯಾಹ್ನ ಹಾವೇರಿಯಿಂದ ಫೋನ್ ಬಂತು. ಗರ್ಭ ನಿಂತಿರಲಿಲ್ಲ. ಮನೆಯಲ್ಲಿ ಒದ್ದೆ ಗೋಣಿಚೀಲದ ವಾಸನೆ ಮಾತ್ರ ಉಳಿಯಿತು. ನನಗೆ ಯಾರ ಮುಖವೂ ಬೇಡವಾಗಿತ್ತು.

ಅತ್ತೆಗೆ ಸುದ್ದಿ ಮುಟ್ಟಿಸಿದ ಗಂಡ, "ಹೂಂ ಅಂದು ಫೋನ್ ಇಟ್ಟಬಿಟ್ರು" ಎಂದ. ಅವಳ ಹುಳುಗಳು ಆಗ ಗೂಡು ಕಟ್ಟುವ ಹೊತ್ತು. ಅಂಥ ಹೊತ್ತಿನಲ್ಲಿ ಅವಳು ಸ್ವಂತ ತಂಗಿಯ ಮದುವೆಗೂ ಹೋದವಳಲ್ಲ.

ಸಂಜೆ ನೋಡಿದರೆ ಬಾಗಿಲಲ್ಲಿ ಅತ್ತೆ! ರಾಣೆಬೆನ್ನೂರಿನಲ್ಲಿ ಬಸ್ಸು ಬದಲಿಸಿ ಬಂದಿದ್ದಳು. ಸುಣ್ಣದ ಪುಡಿ ತುಳಿದುಕೊಂಡೇ ನೇರ ಅಡುಗೆಮನೆಗೆ ಹೋದಳು. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಮೆಣಸಿನಕಾಯಿ ಬಿತ್ತು.

"ಅತ್ತಿ, ನಿನ್ನ ಹುಳ?"

"ಹಾಳಾದ್ರ ಇನ್ನೊಂದ ಬೆಳಿ ತಗೀತೇನಿ. ನೀ ಉಣ್ಣು. ಇನ್ನ ಯಾರ ಸಲುವಾಗಿ ಸಪ್ಪಂದು ತಿಂತೀ?" ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಿಮ್ಮೂರ ಕಾಯಿ ಭಾಳ ಘಾಟ ಐತಿ ಬಿಡು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಅಂದು ವಾದಿಸಲಿಲ್ಲ.

"ಹೌದ್ರಿ ಅತ್ತಿ, ಭಾಳ ಘಾಟು" ಎಂದು ತಾನೂ ಕಣ್ಣೊರೆಸಿಕೊಂಡ.