ತಿಪ್ಪೇಶನ ಚಾರ್ಜು

ತಿಪ್ಪೇಶ್ ತನ್ನ ಸ್ಕೂಟರಿಗೆ ಬಣ್ಣ ಹೊಡೆಸಿದ್ದೇ ತಪ್ಪಾಯಿತು. ಸಂಡೂರಿನ ಅದಿರು ಸಾಗಣೆ ಕಂಪನಿಯಲ್ಲಿ ಏಳು ವರ್ಷ ಲಾರಿಗಳ ಚೀಟಿ ಬರೆದವನಿಗೆ ಕಡೆಗೂ ಲಾರಿ ತೂಗುವ ವೇಬ್ರಿಜ್‌ನ ಮೇಲ್ವಿಚಾರಕನ ಕುರ್ಚಿ ಒಲಿದಿತ್ತು. ಕುರ್ಚಿಗೆ ತಕ್ಕ ಗಾಡಿ ಬೇಡವೇ? ಅವನಿದ್ದ ಚಿತ್ತವಾಡ್ಗಿಯ ಓಣಿಯಲ್ಲಿ ಪಕ್ಕದ ಮನೆಯವನಾದ ಗಾದಿಲಿಂಗಪ್ಪ ಸ್ಕೂಟರನ್ನು ಪೂರ್ತಿ ಬಿಚ್ಚಿ, ಸಂದುಗೊಂದು ಬಿಡದೆ ನೀಲಿ ಬಳಿದುಕೊಟ್ಟ.

ಅಂದಿನಿಂದ ಹಾರ್ನು ದಿನಕ್ಕಿಷ್ಟು ಸೊರಗುತ್ತ ಬಂತು. ಹನ್ನೊಂದಕ್ಕೆ ಹೋಗಿ ಕುರ್ಚಿಯಲ್ಲಿ ಕೂರಬೇಕಾದ ಸೋಮವಾರವೇ ಶೀತವಾದ ಬೆಕ್ಕಿನಂತೆ ‘ಮೀಂ’ ಎಂದು ಸುಮ್ಮನಾಯಿತು. ಸಂಡೂರು ರಸ್ತೆಯ ಕೆಂಪು ಧೂಳಿನಲ್ಲಿ ಹಗಲಲ್ಲೇ ಲೈಟು ಬೇಕು. ಅದಿರು ಲಾರಿಗಳ ನಡುವೆ ಹಾರ್ನಿಲ್ಲದೆ ಹೊರಟರೆ ಜೀವದ ಆಸೆ ಬಿಡಬೇಕು. ಬಸ್ಸು ಆ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡರೆ ಮುಟ್ಟುವುದು ಸಂಜೆಗೇ.

“ಬ್ಯಾಟ್ರಿಗೆ ನೀರಡಿಕಿ ಆಗೈತಲೇ,” ಎಂದು ಗಾದಿಲಿಂಗಪ್ಪ ಧಾರಾಳವಾಗಿ ನೀರು ಸುರಿದ. ಉಕ್ಕಿದ ಆಸಿಡ್ಡು ತಿಪ್ಪೇಶನ ಹೊಸ ಪ್ಯಾಂಟಿನ ಮೇಲೆ ಬಿದ್ದು ತೊಡೆಯ ಬಳಿ ತೂತಾಯಿತು. ಪೆಟ್ಟಿಗೆಯಿಂದ ಮದುವೆಯ ಪ್ಯಾಂಟು ಹೊರಬಂತು. ಅದರ ಗುಂಡಿ ಅವನ ಹೊಟ್ಟೆಗೆ ಹೆದರಿ ಹಾರಿಯೇ ಹೋಯಿತು.

ಅಷ್ಟರಲ್ಲಿ ಮೆಕ್ಯಾನಿಕ್ ಮೂಕಣ್ಣ ಬಂದ. ಹೆಸರು ಮೂಕಣ್ಣನಾದರೂ ಬಾಯಿಗೆ ಬಿಡುವಿಲ್ಲ. ಗಾಡಿ ಚಾಲೂ ಮಾಡಿ ಬ್ಯಾಟರಿಗೆ ಮೀಟರ್ ಹಿಡಿದ.

“ನೋಡ್ರಿ, ಮುಳ್ಳು ಹದಿನಾಲ್ಕಕ್ಕ ಏರಬೇಕು, ಹನ್ನೆರಡು ದಾಟವಲ್ದು. ಕಾಯಿಲ್‌ನಾಗ ಕರೆಂಟ್ ಹುಟ್ಟಾಕತ್ತೈತಿ, ಬ್ಯಾಟ್ರಿಗೆ ಮುಟ್ಟವಲ್ದು. ನಡುವ ಯಾರೋ ನುಂಗಾಕತ್ತಾರ.”

“ಯಾರೋ ಅವ್ರು?” ಎಂದ ತಿಪ್ಪೇಶ್.

“ರೆಗ್ಯುಲೇಟರ್ ಮ್ಯಾಲ ನನಗ ಡೌಟೈತಿ.” ಹೊಸ ರೆಗ್ಯುಲೇಟರ್ ಕೂತಿತು. ಮುಳ್ಳು ಕದಲಲಿಲ್ಲ.

ಹನ್ನೊಂದೂವರೆಗೆ ಎದುರುಮನೆಯ ಅಕ್ಕನಾಗಮ್ಮ ಓಡಿಬಂದಳು. ಓಣಿಗೆಲ್ಲ ಇದ್ದದ್ದು ಅವಳ ಮನೆಯ ಫೋನೊಂದೇ, ಎಲ್ಲರೂ ಕೊಡುತ್ತಿದ್ದ ಪಿಪಿ ನಂಬರು ಅದೇ. “ತಿಪ್ಪೇಶಾ, ನಿಮ್ಮ ಮ್ಯಾನೇಜರ್ ಫೋನ್ ಹಿಡಕೊಂಡು ಕುಂತಾರ. ಜಲ್ದಿ ಬಾ!”

ಎರಡೂ ಕೈಯಲ್ಲಿ ಪ್ಯಾಂಟು ಹಿಡಿದು ನಿಂತವನು ಎಲ್ಲಿಗೆ ಬಂದಾನು? “ಯಕ್ಕಾ, ಇದ್ದದ್ದು ಇದ್ದಂಗ ನೀನ ಹೇಳಿಬಿಡು,” ಎಂದ.

“ಏನಂತ ಹೇಳಲಪ್ಪ?” ಎಂದು ಅವಳು ಮೂಕಣ್ಣನನ್ನು ಕೇಳಿದಳು.

“ಏನ್ ಮಾಡಿದ್ರೂ ಚಾರ್ಜ್ ತಗೊಳ್ಳಂಗಿಲ್ಲ ಅಂತ ಹೇಳ್ರಿ.”

ಮರೆತೀತೆಂದು ಅದನ್ನೇ ಗುನುಗಿಕೊಳ್ಳುತ್ತ ಅಕ್ಕನಾಗಮ್ಮ ಓಡಿದಳು.

ಒಂದು ಗಂಟೆಗೆ ಮೂಕಣ್ಣ ಚೀರಿದ. “ಸಿಕ್ತ್ರಿ! ರೆಗ್ಯುಲೇಟರ್ ಕುಂದ್ರೋ ಜಾಗಕ್ಕೂ ಬಣ್ಣ ಬಳದಾರ! ಬಣ್ಣ ಅಡ್ಡ ಬಂದ್ರ ಗಾಡಿ ಬಾಡಿಯಿಂದ ಅದಕ್ಕ ಅರ್ಥ್ ಹ್ಯಾಂಗ ಸಿಗಬೇಕು?” ಉಪ್ಪುಕಾಗದದಿಂದ ಉಜ್ಜಿ ಬೋಲ್ಟು ಬಿಗಿದ. ಮುಳ್ಳು ಹದಿನಾಲ್ಕಕ್ಕೆ ಏರಿತು, ಹಾರ್ನು ಓಣಿಯನ್ನೇ ನಡುಗಿಸಿತು.

ಗಾದಿಲಿಂಗಪ್ಪ ಆಕಾಶ ನೋಡಿದ. “ಆದ್ರೂ ಕಲರ್ ಮಸ್ತ್ ಬಂದೈತಿ ಬಿಡು.”

ಪ್ಯಾಂಟಿಗೆ ದಾರ ಬಿಗಿದು, ದಾರಿಯುದ್ದಕ್ಕೂ ಹಾರ್ನು ಹೊಡೆಯುತ್ತ ತಿಪ್ಪೇಶ್ ಸಂಡೂರು ಸೇರಿದಾಗ ಎರಡೂವರೆ. ಆಫೀಸಿನೊಳಗೆ ಕಾಲಿಟ್ಟದ್ದೇ ಚಪ್ಪಾಳೆಯೋ ಚಪ್ಪಾಳೆ. ಮೇಲ್ವಿಚಾರಕನ ಕುರ್ಚಿಯಲ್ಲಿ ಅವನ ಜೊತೆಯ ಗುಮಾಸ್ತ ಜಡೆಪ್ಪ ಹಾರ ಹಾಕಿಕೊಂಡು ಕೂತಿದ್ದ. ಧಡಕ್ಕನೆ ಎದ್ದು, ಆ ಹಾರವನ್ನು ತಿಪ್ಪೇಶನ ಕೊರಳಿಗೆ ಹಾಕಿ ಕಾಲಿಗೇ ಬಿದ್ದ.

“ಅಣ್ಣಾ, ಒಡಹುಟ್ಟಿದವ್ರೂ ಹಿಂಗ ಮಾಡಂಗಿಲ್ಲ!”

ಮ್ಯಾನೇಜರ್ ಪಾಲಪ್ಪನವರ ಕಣ್ಣು ಒದ್ದೆಯಾಗಿತ್ತು. “ಏಳು ವರ್ಷ ಕಾದ ಕುರ್ಚಿ ಜೊತಿಗಾರಗ ಬಿಟ್ಟುಕೊಡೋದು ಸಣ್ಣ ಮಾತಲ್ಲಪ್ಪ.”

“ನಾ ಯಾವಾಗ ಬಿಟ್ಟುಕೊಟ್ಟೆ ಸರ್?”

“ಇರಲಿ ಬಿಡೋ, ದೊಡ್ಡ ಮನಸು ನಿಂದು. ತಿಪ್ಪೇಶ್ ಬಂದು ಚಾರ್ಜ್ ತಗೊಳ್ತಾನೋ ಇಲ್ಲೋ ಅಂತ ನಾನ ಫೋನ್‌ನಾಗ ಕೇಳಿದೆ. ಆ ಅಮ್ಮ ಖಡಕ್ಕಾಗಿ ಹೇಳಿದ್ಳು, ‘ಏನ್ ಮಾಡಿದ್ರೂ ಚಾರ್ಜ್ ತಗೊಳ್ಳಂಗಿಲ್ಲ’ ಅಂತ. ಮೂರು ಸಲ ಕೇಳಿದೆ, ಮೂರು ಸಲಾನೂ ಅದ ಮಾತು.”

ಸ್ಕೂಟರಿನ ಕತೆ ಹೇಳಲು ತಿಪ್ಪೇಶ್ ಬಾಯಿ ತೆರೆದ. ಪಾಲಪ್ಪ ಅದರೊಳಗೆ ಒಂದು ಪೇಢೆ ಇಟ್ಟರು. ಪೇಢೆ ಚೆನ್ನಾಗಿತ್ತು. ಏಳು ವರ್ಷದಲ್ಲಿ ಅವನಿಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ, ಹೊಟ್ಟೆ ಉರಿಯಬೇಕಾದ ಜಾಗದಲ್ಲಿ ಅವನಿಗೆ ಯಾಕೋ ತಂಪೆನಿಸಿತು.

ಹೊರಗೆ ಲಾರಿಗಳು ಒಂದೇ ಸಮನೆ ಕೂಗುತ್ತಿದ್ದವು. ಚೀಟಿ ಬರೆಯುವ ಕಿಟಕಿಯಲ್ಲಿ ಯಾರೂ ಇರಲಿಲ್ಲ. ತಿಪ್ಪೇಶ್ ಹಾರ ಹಾಕಿಕೊಂಡೇ ಹೋಗಿ ಅಲ್ಲಿ ಕೂತ.