ಇಪ್ಪತ್ತೆರಡು ಇಂಚಿನ ನೀಲಿ ಸ್ಕರ್ಟು

ತಪ್ಪು ಮಾಡಬೇಡಿರೆಂದು ಊರ ಮಕ್ಕಳಿಗೆಲ್ಲ ಹೇಳುವವನ ಮನೆಯಲ್ಲೇ ತಪ್ಪುಗಳು ಸಾಲಾಗಿ ಬಂದು ಕೂಡುತ್ತವೆ. ನಾನು ಗಣಿತದ ಮಾಸ್ತರ. ಎಂಬತ್ತರ ದಶಕದಲ್ಲಿ, ಹವಳಗಾದ ಆಚೆಗಿನ ಒಂದು ಹಳ್ಳಿಯಲ್ಲಿದ್ದಾಗ, ಮಗಳಿಗಾಗಿ ಒಂದೇ ಒಂದು ಸ್ಕರ್ಟು ಹೊಲಿದೆ. ಅದರಲ್ಲಿ ಎಷ್ಟು ತಪ್ಪುಗಳು ಹಿಡಿಯುತ್ತವೆಂದು ಆಗ ಗೊತ್ತಾಯಿತು.

೧. ಕ್ಲಾಸಿನ ಅಳತೆ

ಅಫಜಲಪುರದ ಪೇಟೆಯಲ್ಲಿ ಶಾಲೆಯ ಬಟ್ಟೆ ಹೊಲಿಯುವ ದರ್ಜಿಯೊಬ್ಬರಿದ್ದರು. ಮಕ್ಕಳು ಅವರನ್ನು ಚಾಚಾ ಎನ್ನುತ್ತಿದ್ದರು. ಜೂನ್ ತಿಂಗಳಲ್ಲಿ ಅವರು ಟೇಪು ಮುಟ್ಟುತ್ತಲೇ ಇರಲಿಲ್ಲ. ಎಷ್ಟನೇ ಕ್ಲಾಸೆಂದು ಕೇಳಿ ಕತ್ತರಿ ಹಚ್ಚುವುದು, ಅಷ್ಟೇ.

ನನ್ನ ಮಗಳು ಏಳನೆಯದು. ನೋಡಿದವರು ನಾಲ್ಕನೆಯದೆನ್ನುತ್ತಿದ್ದರು, ಅಷ್ಟು ಸಣ್ಣ ಮೈ. ಹೊಲಿದ ಸ್ಕರ್ಟು ಅವಳ ಹಿಮ್ಮಡಕ್ಕೆ ಬಂತು.

"ಮಾಸ್ತರ, ಫಿಕರ್ ಯಾಕ್ರಿ? ಬೆಳಿಯೋ ಕೂಸು. ಹತ್ತನೇದ್ದರ ತನಕ ಇದೇ ನಡೀತದ."

ಮಗಳು ಸ್ಕರ್ಟನ್ನು ಎರಡೂ ಕೈಲಿ ಎತ್ತಿ ಹಿಡಿದು ಕೇಳಿದಳು: "ಚಾಚಾ, ನನಗ ನಾಲ್ಕನೇದ್ದರ ಅಳತಿಲೆ ಹೊಲೀರಿ."

ದರ್ಜಿ ಅಡ್ಡಡ್ಡ ತಲೆಯಾಡಿಸಿದರು. "ಅದು ಆಗಂಗಿಲ್ಲವ್ವ. ನೀ ನಾಲ್ಕನೇದು ಪಾಸಾಗಿದಿ."

೨. ಶೇಷ ಉಳಿಯದ ಲೆಕ್ಕ

ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಕಡೆ ಮುಖ ಮಾಡಿ ಹೇಳಿದಳು: "ಅಪ್ಪಾ, ಆಗಸ್ಟ್ ಹದಿನೈದಕ್ಕ ಸಾಲಿನ ಮುಂದ ನಾನೇ ನಿಂದರೋದು. ಎಲ್ಲಾರೂ ನನ್ನೇ ನೋಡ್ತಾರ. ನನಗ ಸರೀ ಆಗೋದು ಒಂದು ಬೇಕು."

ಕವಾಯತಿಗೆ ಕುಳ್ಳಗಿದ್ದವರು ಮುಂದೆ, ಉದ್ದಗಿದ್ದವರು ಹಿಂದೆ. ಅದು ಶಾಲೆಯ ಪದ್ಧತಿ. ಹಿಂದಿನ ದೀಪಾವಳಿಯವರೆಗೆ ಅವಳ ಬಟ್ಟೆಯನ್ನೆಲ್ಲ ಅವಳ ತಾಯಿ ಮನೆಯಲ್ಲೇ ಹೊಲಿಯುತ್ತಿದ್ದಳು. ತಾಯಿ ತೀರಿದ ಮೇಲೆ ಹುಡುಗಿ ನಕ್ಕಿರಲಿಲ್ಲ, ಏನನ್ನೂ ಕೇಳಿರಲಿಲ್ಲ. ಕೇಳಿದ್ದು ಇದೊಂದೇ. ಮನೆಯಲ್ಲಿ ಉಳಿದಿದ್ದ ನೀಲಿ ಬಟ್ಟೆ ಹುಡುಕಿ, ನಾನು ಅವಳ ತಾಯಿಯ ಹೊಲಿಗೆ ಮಷೀನಿನ ಮುಸುಕು ತೆಗೆದೆ.

ಸೊಂಟ ಅಳೆದರೆ ಸರಿಯಾಗಿ ಇಪ್ಪತ್ತೆರಡು ಇಂಚು. ಕೊಡೆಯಂತೆ ಹರಡುವ ದುಂಡನೆಯ ಘೇರಿನ ಸ್ಕರ್ಟಿಗೆ ನಡುವೆ ದುಂಡನೆಯ ತೂತು ಕತ್ತರಿಸಬೇಕು. ಪರಿಧಿ ಇಪ್ಪತ್ತೆರಡು, ಏಳರಿಂದ ಗುಣಿಸಿ ಇಪ್ಪತ್ತೆರಡರಿಂದ ಭಾಗಿಸಿದರೆ ಏಳು. ಶೇಷವೇ ಇಲ್ಲ. ಇಂಥ ಚೆಂದದ ಲೆಕ್ಕ ಪಠ್ಯಪುಸ್ತಕದಲ್ಲೂ ಅಪರೂಪ. ಆ ಸಂತೋಷದಲ್ಲೇ ಶಾಲೆಯಿಂದ ತಂದಿದ್ದ ಕಟ್ಟಿಗೆಯ ಕೈವಾರವನ್ನು ಏಳು ಇಂಚಿಗೆ ಅಗಲಿಸಿ, ಬಟ್ಟೆಯ ಮೇಲೆ ವೃತ್ತ ಎಳೆದು ಕತ್ತರಿಸಿದೆ.

ಏಳು ಇಂಚು ವ್ಯಾಸ. ಕೈವಾರಕ್ಕೆ ಬೇಕಾದದ್ದು ತ್ರಿಜ್ಯ, ಅದರ ಅರ್ಧ. ಇದನ್ನು ತಪ್ಪಿದವರಿಂದ ನಾನು ಕ್ಲಾಸಿನಲ್ಲಿ ನೂರು ಸಲ ಬರೆಸುತ್ತಿದ್ದೆ. ಸೊಂಟ ನಲವತ್ತನಾಲ್ಕು ಇಂಚಾಯಿತು.

ಪಕ್ಕದ ಮನೆಯ ಮುದುಕಿ, ಊರಿಗೆಲ್ಲ ಆಯಿ, ತುಂಬಿದ ಮೈಯವರು. ಬಂದು ಸ್ಕರ್ಟನ್ನು ಸೀರೆಯ ಮೇಲೆ ಹಿಡಿದು ನೋಡಿದರು.

"ನನಗ ಬರೋಬ್ಬರಿ ಆಗ್ತದಲ್ರೀ ಮಾಸ್ತರ. ಯಾಕ ತ್ರಾಸ ತಗೊಂಡ್ರಿ?"

೩. ಐದು ಗಂಟು

ಬೇರೆ ಬಟ್ಟೆ ಇರಲಿಲ್ಲ. ಸೊಂಟದ ಅಂಚು ಮಡಚಿ, ಒಳಗೆ ಲಾಡಿ ತೂರಿಸಿ, ನಿರಿಗೆ ಮಾಡಿ ಎಳೆದು ಕಟ್ಟಿದರಾಯಿತೆಂದುಕೊಂಡೆ. ಮಷೀನಿನ ಡ್ರಾವರಿನಲ್ಲಿ ಒಂದು ಬಿಳಿ ಹುರಿ ಸಿಕ್ಕಿತು. ಅದರಲ್ಲಿ ಐದು ಗಂಟು. ಗಂಟಿದ್ದರೆ ಮಡಿಕೆಯೊಳಗೆ ಹೋಗುವುದಿಲ್ಲ. ಸೂಜಿಯ ಮೊನೆಯಿಂದ ಒಂದೊಂದಾಗಿ ಬಿಚ್ಚಿ, ನೀಟಾಗಿ ತೂರಿಸಿದೆ.

ಮರುದಿನ ಆಯಿ ಬಂದರು. "ಅಳತಿ ತಪ್ತು ಅಂತ ಯಾಕ ಚಿಂತಿ ಮಾಡ್ತೀರಿ? ನಿಮ್ಮಾಕಿ ಮಗಳ ಸೊಂಟದ ಅಳತಿ ಒಂದು ಹುರಿಯಾಗ ಗಂಟು ಹಾಕಿ ಇಟ್ಟಾಳ. ವರ್ಷಕ್ಕೊಂದು ಗಂಟು. ಡ್ರಾವರಿನ್ಯಾಗ ಅದ, ನೋಡ್ರಿ."

ನಾನು ಸ್ಕರ್ಟಿನ ಕಡೆ ನೋಡಿದೆ. ಆಯಿಯೂ ನೋಡಿದರು.

"ಬಿಚ್ಚಾಕ ಎಷ್ಟೊತ್ತು ಹಿಡೀತ್ರಿ?"

"ಅರ್ಧ ತಾಸು."

"ಭಾಳ ಚುರುಕದೀರಿ. ಆಕಿಗಿ ಕಟ್ಟಾಕ ಐದು ವರ್ಷ ಹಿಡದಿತ್ತು."

೪. ಹೊಸ ಕವಾಯತು

ಆಗಸ್ಟ್ ಹದಿನೈದು. ಮಗಳು ಸಾಲಿನ ಮುಂದೆ. ನಿರಿಗೆ ದಪ್ಪವಾಗಿದ್ದರೂ ಉದ್ದ ಮೊಳಕಾಲಿಗೆ ಸರಿಯಾಗಿತ್ತು. ನನಗೆ ಸ್ವಲ್ಪ ಹೆಮ್ಮೆಯೂ ಆಯಿತೆಂದು ಹೇಳಬೇಕು.

ನಡೆಯಲು ಸುರು ಮಾಡಿ ಹತ್ತು ಹೆಜ್ಜೆಗೆ ಆ ನುಣುಪಾದ ಹಳೆಯ ಹುರಿ ಸಡಿಲಾಯಿತು. ಅವಳು ಎಡಗೈಯಿಂದ ಗಪ್ಪನೆ ಸೊಂಟ ಹಿಡಿದಳು. ನಿಲ್ಲಲಿಲ್ಲ, ತಲೆ ತಗ್ಗಿಸಲಿಲ್ಲ. ಬಲಗೈ ಬೀಸುತ್ತ ನಡೆದಳು.

ಮುಂದಿದ್ದವಳು ಮಾಡಿದ್ದನ್ನು ಹಿಂದಿದ್ದವರು ಮಾಡಬೇಕೆಂದು ತಿಂಗಳಿಂದ ಕಲಿಸಿದ್ದರಲ್ಲ. ಎರಡನೆಯವಳು ಎಡಗೈ ಸೊಂಟದ ಮೇಲಿಟ್ಟಳು. ಮೂರನೆಯವಳೂ ಇಟ್ಟಳು. ನಲವತ್ತು ಹುಡುಗಿಯರು, ಒಂದು ಕೈ ಸೊಂಟದ ಮೇಲೆ, ಒಂದು ಕೈ ಗಾಳಿಯಲ್ಲಿ, ಧ್ವಜಕ್ಕೆ ವಂದಿಸಿ ಮುಂದೆ ಹೋದರು.

ಮುಖ್ಯ ಅತಿಥಿಯಾಗಿ ಬಂದಿದ್ದ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಈ ಕವಾಯತು ನಾ ಎಲ್ಲೂ ನೋಡಿಲ್ಲ. ಯಾರು ಕಲಿಸ್ಯಾರ್ರಿ?"

ಹೆಡ್‌ಮಾಸ್ತರಿಗೂ ಗೊತ್ತಿರಲಿಲ್ಲ. "ಮುಂದಿನಾಕಿ ನಮ್ಮ ಗಣಿತ ಮಾಸ್ತರ ಮಗಳ್ರಿ. ಅವರದೇ ಕೆಲಸ ಇರಬೇಕು."

ಅವರದೇ ಕೆಲಸ ಹೌದು. ಸಾಹೇಬರು ತಮ್ಮ ಕೊರಳಿನ ಹಾರ ತೆಗೆದು ನನಗೆ ಹಾಕಿದರು. ನಾನು ತಲೆ ಎತ್ತಲಿಲ್ಲ. ಎಲ್ಲರೂ ಅದನ್ನು ವಿನಯವೆಂದುಕೊಂಡರು.

ಮನೆಗೆ ಹೋಗುವ ದಾರಿಯಲ್ಲಿ ಮಗಳು ಹಾರದ ಕಡೆ ನೋಡಿದಳು, ನನ್ನ ಮುಖದ ಕಡೆ ನೋಡಿದಳು. ಆಮೇಲೆ ಎಡಗೈ ಸೊಂಟದ ಮೇಲೆಯೇ ಇಟ್ಟುಕೊಂಡು ನಗಲಿಕ್ಕೆ ಹತ್ತಿದಳು. ಬಗ್ಗಿ ಬಗ್ಗಿ ನಕ್ಕಳು. ದೀಪಾವಳಿಯಾದ ಮೇಲೆ ಮೊದಲ ಸಲ.

ಮನೆ ಮುಟ್ಟಿದ ಮೇಲೆ ಹುರಿಯನ್ನು ಸ್ಕರ್ಟಿನಿಂದ ಎಳೆದು, ಸೊಂಟಕ್ಕೆ ಸುತ್ತಿ ಅಳೆದು, ತಾನೇ ಒಂದು ಗಂಟು ಹಾಕಿ ಡ್ರಾವರಿನಲ್ಲಿಟ್ಟಳು. ಬಳಿಕ ನನ್ನ ಮುಂದೆ ಒಂದು ಖಾಲಿ ವಹಿ, ಪೆನ್ನು ತಂದಿಟ್ಟಳು.

"ವ್ಯಾಸ ಬ್ಯಾರೆ, ತ್ರಿಜ್ಯ ಬ್ಯಾರೆ. ನೂರು ಸಲ ಬರೀರಿ, ಸರ್."

ಬರೆದೆ. ಕ್ಲಾಸಿನಲ್ಲಿ ನಾನು ನೋಡುವ ಹಾಗೆಯೇ ಬೆರಳಿಟ್ಟು ಸಾಲು ಸಾಲಾಗಿ ನೋಡಿದಳು.

"ಅರವತ್ತಮೂರನೇ ಸಾಲಿನ್ಯಾಗ ಎರಡೂ ಕಡೆ ವ್ಯಾಸ ಅಂತೇ ಬರದೀರಿ. ಮೊದಲಿಂದ ಬರೀರಿ."